ಒಲೆಯನ್ನೂ ಉದ್ಯಮವೆಂದು ಬರೆದವರು: ಶ್ರೀ ಬಿಂದುಮಾಧವರಾವ್ ಮಣ್ಣೂರ

ಒಂದು ಊರಿನಲ್ಲಿ ಎಷ್ಟು ಜನರಿದ್ದಾರೆಂದು ಎಣಿಸುವುದು ಶ್ರಮದ ಕೆಲಸವೇ ಆದರೂ, ತಲೆ ಎಣಿಸುತ್ತ ಹೋದರೆ ಅದು ಒಂದಲ್ಲ ಒಂದು ದಿನ ಮುಗಿಯುತ್ತದೆ. ಆ ಊರು ಏನು ಮಾಡಿ ಬದುಕುತ್ತಿದೆ ಎಂದು ತಿಳಿಯುವುದು ಬೇರೆಯೇ ವಿದ್ಯೆ. ತಾಮ್ರದ ಹಂಡೆಯನ್ನು ಬಡಿದು ರೂಪಿಸಿ, ಅದನ್ನು ಅದೇ ಕಟ್ಟೆಯ ಮೇಲೆ ಕೂತು ಮಾರುವವನು ಕೈಗಾರಿಕೆಯವನೋ ವ್ಯಾಪಾರದವನೋ? ನೂಲಿನ ಗಿರಣಿಯಲ್ಲಿ ದಿನವಿಡೀ ಮರ ಕೆತ್ತುವ ಬಡಿಗನನ್ನು ಮರಗೆಲಸದ ಲೆಕ್ಕಕ್ಕೆ ಹಾಕಬೇಕೋ ನೂಲಿನ ಲೆಕ್ಕಕ್ಕೆ ಹಾಕಬೇಕೋ? ಕೇಳುವುದಕ್ಕೆ ಇವು ಸಣ್ಣ ಪ್ರಶ್ನೆಗಳು. ಆದರೆ ಇವಕ್ಕೆ ತಪ್ಪು ಉತ್ತರ ಬರೆದ ನಾಡು ತನ್ನ ಬಡತನವನ್ನೂ ಸಿರಿಯನ್ನೂ ತಪ್ಪಾಗಿಯೇ ಅಳೆದುಕೊಳ್ಳುತ್ತದೆ. ಮೂವತ್ತೈದು ವರ್ಷ ಇಂಥ ಪ್ರಶ್ನೆಗಳನ್ನು ಹೊತ್ತು ಪುಣೆಯ ಪೇಠೆಗಳಲ್ಲಿ ತಿರುಗಿದವರು, ಉದ್ಯಮಾನ್ವೇಷಣ ಮಂಡಳಿಯ ವರ್ಗೀಕರಣ ಶಾಖೆಯನ್ನು ಕಟ್ಟಿ ಬೆಳೆಸಿ ಕಳೆದ ವರ್ಷ ಸೇವೆಯಿಂದ ನಿವೃತ್ತರಾದ ಶ್ರೀ ಬಿಂದುಮಾಧವರಾವ್ ಮಣ್ಣೂರ ಅವರು. ಅಂಕಿಗಳನ್ನು ಪೇರಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ಆ ಅಂಕಿ ಯಾವ ಮನೆಯ ಬಾಗಿಲಿನಿಂದ ಹೊರಬಂತೆಂದು ಹೋಗಿ ನೋಡಿದವರಲ್ಲಿ ರಾಯರಿಗೆ ಮೊದಲ ಸಾಲಿನ ಸ್ಥಾನ ಸಲ್ಲಬೇಕು.

ರಾಯರು ಧಾರವಾಡ ಜಿಲ್ಲೆಯವರು. ಗಣಿತದಲ್ಲಿ ಪದವಿ ಪಡೆಯುವುದಕ್ಕೆಂದು ಪುಣೆಗೆ ಬಂದವರು, ಪದವಿ ಕೈಗೆ ಬಂದ ವರ್ಷವೇ, ಅಂದರೆ ೧೯೧೧ರಲ್ಲಿ, ಜನಗಣತಿಯ ಚೀಟಿಗಳನ್ನು ವಿಂಗಡಿಸುವ ತಾತ್ಕಾಲಿಕ ಕಚೇರಿಯಲ್ಲಿ ಕೆಲಸಕ್ಕೆ ನಿಂತರು. ಗೋಡೆಯುದ್ದಕ್ಕೂ ಪಾರಿವಾಳದ ಗೂಡುಗಳಂಥ ಖಾನೆಗಳು, ಒಂದೊಂದು ಕಸುಬಿಗೆ ಒಂದೊಂದು ಖಾನೆ, ಪ್ರತಿಯೊಬ್ಬ ಮನುಷ್ಯನ ಹೆಸರಿನಲ್ಲಿ ಒಂದು ಚೀಟಿ. ಚೀಟಿಯನ್ನು ಓದಿ ಅದರ ಖಾನೆಗೆ ಸೇರಿಸುವುದಷ್ಟೇ ಕೆಲಸ. ಒಂದು ದಿನ ಅವರ ಕೈಗೆ ಬಂದ ಕಟ್ಟಿನಲ್ಲಿ ಒಂದು ಓಣಿಯವರೆಲ್ಲರೂ ಕಸುಬಿನ ಜಾಗದಲ್ಲಿ ತಮ್ಮ ಜಾತಿಯ ಹೆಸರನ್ನೇ ಬರೆಸಿದ್ದರು. ಗಾಣಿಗರು ಎಂದಿದ್ದವರನ್ನೆಲ್ಲ ಎಣ್ಣೆಯ ಖಾನೆಗೆ ಹಾಕಬೇಕೆಂಬುದು ರೂಢಿ. ತರುಣ ರಾಯರಿಗೆ ಅದೇಕೋ ಮನಸ್ಸೊಪ್ಪಲಿಲ್ಲ. ರಜೆಯ ದಿನ ಆ ಓಣಿಯನ್ನು ಹುಡುಕಿಕೊಂಡು ಹೋದರು. ಎಣ್ಣೆಯ ವಾಸನೆಯೇ ಅಲ್ಲಿರಲಿಲ್ಲ. ಒಂದು ಮನೆಯಲ್ಲಿ ಕುದುರೆಯ ಜೀನು ಹೊಲಿಯುತ್ತಿದ್ದರು, ಇನ್ನೊಂದರಲ್ಲಿ ಸೈಕಲ್ ಬಾಡಿಗೆಗೆ ಕೊಡುತ್ತಿದ್ದರು. ಗಾಣವೆಂಬುದು ಅಜ್ಜನ ಕಾಲಕ್ಕೇ ಮುರಿದು ಒಲೆ ಸೇರಿತ್ತಂತೆ.

ಮರುದಿನ ಅವರು ಇದನ್ನು ಮೇಲಿನವರಿಗೆ ತಿಳಿಸಿದಾಗ, ಚೀಟಿಗಳನ್ನು ವಿಂಗಡಿಸುವುದಕ್ಕೆ ಸಂಬಳವಿದೆಯೇ ಹೊರತು ಸಂಶಯಪಡುವುದಕ್ಕಲ್ಲ ಎಂಬ ಉತ್ತರ ಬಂತು. ರಾಯರು ಚೀಟಿಗಳನ್ನು ಎಣ್ಣೆಯ ಖಾನೆಗೇ ಹಾಕಿದರು. ಆದರೆ ಅಂದಿನಿಂದ, ಮನುಷ್ಯನನ್ನು ಅವನ ಹುಟ್ಟಿನಿಂದಲ್ಲ, ಮಾಡುವ ಕೆಲಸದಿಂದ ಗುರುತಿಸಬೇಕೆಂಬ ಮಾತು ಅವರೊಳಗೆ ಬೇರೂರಿತು.

ಮುಂದಿನ ಗಣತಿಯ ಹೊತ್ತಿಗೆ ಅದೇ ಬಗೆಯ ಕಚೇರಿಯಲ್ಲಿ ಅವರು ಮೇಲ್ವಿಚಾರಕರಾಗಿದ್ದರು. ಅವರ ಕೈಕೆಳಗಿದ್ದ ರಾಘಣ್ಣ ಎಂಬವರು ರಾಯರಿಗೆ ಅರ್ಪಿಸುತ್ತಿರುವ ಈ ಸನ್ಮಾನ ಸಂಪುಟದ ಸಂಪಾದಕರಲ್ಲೊಬ್ಬರು. ಆಗ ರಾಘಣ್ಣನವರ ದೃಷ್ಟಿ ಮಂದವಾಗುತ್ತ ಬಂದಿತ್ತು. ಚೀಟಿಯ ಅಕ್ಷರ ಕಾಣದೆ ಅವರು ಖಾನೆ ತಪ್ಪುತ್ತಿದ್ದರು. ಕೆಲಸ ಬಿಡಿಸುವುದಕ್ಕೆ ಅಷ್ಟು ಸಾಕಿತ್ತು. ರಾಯರು ಯಾರಿಗೂ ಹೇಳದೆ ತಮ್ಮ ಮಣೆಯನ್ನು ರಾಘಣ್ಣನವರ ಪಕ್ಕಕ್ಕೆ ಎಳೆದುಕೊಂಡರು. ತಾವು ಚೀಟಿಗಳನ್ನು ಗಟ್ಟಿಯಾಗಿ ಓದುವುದು, ರಾಘಣ್ಣನವರು ಕೇಳಿ ಖಾನೆಯ ಹೆಸರು ಹೇಳುವುದು, ಹೀಗೆ ಆ ಗಣತಿ ಮುಗಿಯುವವರೆಗೂ ನಡೆಯಿತು. ಓದಿ ಓದಿ ರಾಯರ ಗಂಟಲು ಕಟ್ಟಿದ ದಿನಗಳೂ ಇದ್ದವು. ಯಾರಾದರೂ ಕೇಳಿದರೆ, ಎರಡು ತಲೆ ಕೂಡಿದರೆ ತಪ್ಪು ಕಡಿಮೆಯಾಗುತ್ತದೆ ಎಂದಷ್ಟೇ ಹೇಳುತ್ತಿದ್ದರು. ಇದನ್ನು ಇಂದು ರಾಘಣ್ಣನವರೇ ಎಲ್ಲರಿಗೂ ಹೇಳುತ್ತಾರೆ.

ಉದ್ಯಮಾನ್ವೇಷಣ ಮಂಡಳಿ ಸ್ಥಾಪನೆಯಾದಾಗ ಅದರ ನಿರ್ದೇಶಕರಾಗಿ ಬಂದವರು ಮಾರ್ತಾಂಡರಾಯರು. ಎರಡು ತಲೆಮಾರಿನಿಂದ ಪುಣೆಯಲ್ಲಿ ನೆಲೆಸಿದ ಕನ್ನಡ ಮನೆತನ, ವಿಲಾಯತಿಯಲ್ಲಿ ಅರ್ಥಶಾಸ್ತ್ರದ ವ್ಯಾಸಂಗ, ಮಾತು ಕಡಿಮೆ, ನ್ಯಾಯದ ಬುದ್ಧಿ. ಅವರೇ ಬಿಂದುಮಾಧವರಾಯರನ್ನು ಕರೆದು ವರ್ಗೀಕರಣದ ಕೆಲಸ ಒಪ್ಪಿಸಿದರು. ಇಬ್ಬರ ನಡುವೆ ಗೌರವವಿತ್ತು, ಹಾಗೆಯೇ ಮುಗಿಯದ ಒಂದು ವಾದವೂ ಇತ್ತು. ಪ್ರತಿ ಅಂಗಡಿಗೂ ಬಾಗುತ್ತ ಹೋದರೆ ಅದು ವರ್ಗೀಕರಣವೇ ಅಲ್ಲ, ನಾಳೆ ಬೇರೆ ಊರಿನೊಡನೆ ಹೋಲಿಸುವುದಕ್ಕೂ ಬಾರದು ಎಂಬುದು ಮಾರ್ತಾಂಡರಾಯರ ಪಕ್ಷ. ಅಂಗಡಿಯನ್ನು ನೋಡದೆ ಮಾಡಿದ ವರ್ಗಕ್ಕೆ ಅರ್ಥವಿಲ್ಲವೆಂಬುದು ನಮ್ಮ ರಾಯರ ಪಕ್ಷ. ಇಬ್ಬರೂ ಸರಿಯಾಗಿದ್ದರು, ಹಾಗಾಗಿಯೇ ಆ ವಾದ ಅಷ್ಟು ವರ್ಷ ಬಾಳಿತು.

೧೯೩೮ರಲ್ಲಿ ಮಂಡಳಿ ಪುಣೆಯ ಉದ್ಯಮಗಳ ಯಾದಿಯನ್ನು ತಯಾರಿಸಿತು. ಆಗ ರಾಯರು ತಮ್ಮ ಪರಿವೀಕ್ಷಕರಿಗೆ ಹೇಳಿಕೊಟ್ಟ ಪಾಠ ಸರಳವಾಗಿತ್ತು. ಬಾಗಿಲ ಮೇಲಿನ ಹೆಸರು ನೋಡಬೇಡಿ, ಯಜಮಾನನ ಕುಲ ಕೇಳಬೇಡಿ. ಆ ಜಾಗದೊಳಗೆ ಏನು ಹೋಗುತ್ತದೆ, ಅಲ್ಲಿಂದ ಏನಾಗಿ ಹೊರಬರುತ್ತದೆ, ಅಲ್ಲಿನವರ ಹೊಟ್ಟೆ ಮುಖ್ಯವಾಗಿ ಯಾವುದರಿಂದ ತುಂಬುತ್ತದೆ, ಇದನ್ನು ನೋಡಿ ಬರೆಯಿರಿ. ಬುಧವಾರ ಪೇಠೆಯಲ್ಲಿ ಬಾಜಾಪೆಟ್ಟಿಗೆ ಮಾಡುವ ಒಬ್ಬರು ದುರಸ್ತಿಯನ್ನೂ ಮಾಡುತ್ತಿದ್ದರು, ಹೊಸದನ್ನು ಮಾರುತ್ತಲೂ ಇದ್ದರು, ಸಂಜೆ ಅಲ್ಲಿಯೇ ಸಂಗೀತದ ಪಾಠವನ್ನೂ ಹೇಳುತ್ತಿದ್ದರು. ರಾಯರು ಆ ಅಂಗಡಿಗೆ ಒಂದು ವಾರ ಓಡಾಡಿ, ಕಡೆಗೆ ವಾದ್ಯ ತಯಾರಿಕೆ ಎಂದು ಬರೆದರು. ಈ ನಿಧಾನದಿಂದ ವರದಿ ತಡವಾಯಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಮಂಡಳಿಯ ಸದಸ್ಯರು ಬೇಸತ್ತರು, ಅಚ್ಚುಕೂಟದವರು ಜಗಳಕ್ಕೆ ಬಂದರು. ಅವರ ಜತೆ ಕೆಲಸ ಮಾಡಿದವರಾರೂ ಅವರನ್ನು ಚುರುಕಿನ ಮನುಷ್ಯರೆಂದು ಹೇಳಲಾರರು.

ಇಷ್ಟು ಎಚ್ಚರದಿಂದ ಮಾಡಿದ ಯಾದಿಯಲ್ಲಿಯೂ ಒಂದು ತಪ್ಪು ಉಳಿದಿತ್ತು. ಅದು ಹೊರಬಿದ್ದದ್ದು ಯುದ್ಧದ ಕಾಲದಲ್ಲಿ, ಧಾನ್ಯಕ್ಕೆ ಪಡಿತರ ಬಂದ ಮೇಲೆ.

ನಾನಾ ಪೇಠೆಯಲ್ಲಿ ಹಲವು ಸಂಸಾರಗಳಿದ್ದ ಒಂದು ವಾಡೆಯ ಹಿಂಭಾಗದಲ್ಲಿ ಶಿವಗಂಗವ್ವ ಎಂಬ ಬೆಳಗಾವಿ ಕಡೆಯ ವಿಧವೆ ಖಾನಾವಳಿ ನಡೆಸುತ್ತಿದ್ದರು. ಅಚ್ಚುಕೂಟದ ಮೊಳೆ ಜೋಡಿಸುವವರು, ರೈಲ್ವೆಯ ಹಮಾಲರು, ಊರಿನಿಂದ ಹೆಂಡಿರು ಮಕ್ಕಳನ್ನು ಕರೆತರಲಾಗದ ಅನೇಕ ಗಂಡಸರು ಎರಡು ಹೊತ್ತು ಅಲ್ಲಿ ಜೋಳದ ರೊಟ್ಟಿ ಉಂಡು ಹೋಗುತ್ತಿದ್ದರು. ರೊಟ್ಟಿ ಬಡಿಯುವುದಕ್ಕೆ ನಾಗವ್ವ ಮತ್ತು ಶಿವಬಸವ್ವ ಎಂಬ ಇಬ್ಬರು ಹೆಂಗಸರಿದ್ದರು, ಅವರ ಸಂಸಾರವೂ ಆ ಒಲೆಯಿಂದಲೇ ಸಾಗುತ್ತಿತ್ತು. ಬಾಗಿಲ ಮೇಲೆ ಬೋರ್ಡಿರಲಿಲ್ಲ, ಬೀದಿಗೆ ತೆರೆದ ಅಂಗಡಿಯಿರಲಿಲ್ಲ. ಪರಿವೀಕ್ಷಕರು ಹೊಸ್ತಿಲಲ್ಲಿ ರಂಗೋಲಿಯನ್ನೂ ಒಳಗೆ ದೇವರ ಜಗಲಿಯನ್ನೂ ನೋಡಿ ಯಾದಿಯಲ್ಲಿ ‘ವಾಸದ ಮನೆ’ ಎಂದು ಬರೆದಿದ್ದರು. ಪುಣೆಯಲ್ಲಿ ಇಂಥ ಬೋರ್ಡಿಲ್ಲದ ಖಾನಾವಳಿಗಳೆಲ್ಲ ಹಾಗೆಯೇ ಮನೆಗಳಾಗಿ ಉಳಿದಿದ್ದವು.

ಪಡಿತರ ಬಂದಾಗ ಉಣ್ಣಲು ಬರುವವರು ತಮ್ಮ ತಮ್ಮ ಪಡಿತರ ಚೀಟಿಗಳನ್ನು ತಂದು ಶಿವಗಂಗವ್ವನ ಕೈಗಿಟ್ಟರು. ಶಿವಗಂಗವ್ವ ಎಲ್ಲವನ್ನೂ ಒಯ್ದು ಜೋಳ ತಂದರು. ಅದು ಖಾನಾವಳಿಯೆಂದು ದಾಖಲಾಗಿದ್ದರೆ ಅದೇ ಕ್ರಮ, ತಪ್ಪಿಲ್ಲ. ಆದರೆ ಪಡಿತರದ ಅಧಿಕಾರಿಗಳು ಆಧಾರವಾಗಿ ಹಿಡಿದಿದ್ದ ಮಂಡಳಿಯ ಯಾದಿಯ ಪ್ರಕಾರ ಅದು ಮನೆ. ಒಬ್ಬ ಹೆಂಗಸು ತನ್ನ ಮನೆಯವರಲ್ಲದವರ ಚೀಟಿಯ ಮೇಲೆ ಧಾನ್ಯ ಎತ್ತಿದ್ದಾಳೆಂದು ಆಪಾದನೆ ಬಂತು. ಒಲೆ ಆರಿತು. ಉಣ್ಣುವವರು ಚದರಿದರು. ವಿಚಾರಣೆಯ ದಿನ ಗೊತ್ತಾಯಿತು, ಆಪಾದನೆ ನಿಂತರೆ ಸೆರೆಮನೆಯೂ ಆಗಬಹುದೆಂದು ವಕೀಲರು ಹೇಳಿದರು. ಯಾದಿಯ ಬಗ್ಗೆ ಸಾಕ್ಷ್ಯ ನುಡಿಯಬೇಕೆಂದು ಮಂಡಳಿಯ ವರ್ಗೀಕರಣ ಶಾಖೆಗೆ ಕರೆ ಬಂತು.

ರಾಯರು ಮೊದಲು ಮಾಡಿದ ಕೆಲಸ, ಎಂದಿನಂತೆ, ಹೋಗಿ ನೋಡಿದ್ದು. ಶಿವಗಂಗವ್ವ ಅವರನ್ನು ಒಳಗೆ ಕರೆದು ಚಾಪೆ ಹಾಸಿದರು. ಅಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಅವರಿಗೆ ಅರ್ಥವಾಗದ್ದು ಒಂದೇ ಮಾತು. “ರಾಯರ, ನಾ ಇದನ್ನ ಮನೀ ಅಂತ ಯಾರಿಗೂ ಹೇಳಿಲ್ರಿ. ಹನ್ನೆರಡು ವರ್ಷ ದುಡದೇನಿ. ದುಡಿದಿದ್ದು ಯಾರ ಕಣ್ಣಿಗೂ ಬೀಳಲಿಲ್ಲೇನ್ರಿ?”

ರಾಯರು ಕೈಯಲ್ಲಿದ್ದ ಯಾದಿಯ ಹಾಳೆಯನ್ನು ಮತ್ತೆ ನೋಡಿದರು. ತಾವೇ ಬರೆದ ನಿಯಮವನ್ನು ತಮ್ಮವರೇ ಹೊಸ್ತಿಲಲ್ಲಿ ಮರೆತು ಬಂದಿದ್ದರು. ಆ ಹಾಳೆಯ ಕೆಳಗಿದ್ದ ಸಹಿಯೂ ತಮ್ಮದೇ ಆಗಿತ್ತು.

ಯಾದಿಯನ್ನು ತಿದ್ದಬೇಕೆಂದು ಅವರು ಹೇಳಿದಾಗ ಮಾರ್ತಾಂಡರಾಯರು ಬಹಳ ಹೊತ್ತು ಯೋಚಿಸಿದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. “ಆಕಿ ನಮ್ಮ ಕಡೀಯಾಕಿ, ರಾಯರ. ನೀವೂ ಆ ಕಡೀಯವರ, ನಾನೂ ಆ ಕಡೀಯವನ. ಇವತ್ತ ಆಕೀ ಸಲುವಾಗಿ ಯಾದಿ ತಿದ್ದಿದ್ರ, ನಾಳೆ ಆ ಯಾದೀನ್ನ ಯಾರು ನಂಬ್ತಾರ?”

“ಆಕೀ ಸಲುವಾಗಿ ತಿದ್ದೂದಿಲ್ರಿ,” ಎಂದರು ಬಿಂದುಮಾಧವರಾಯರು. “ಅಂಥಾವು ಊರಾಗ ಎಷ್ಟವ ಅಷ್ಟೂ ತಿದ್ದತೀನಿ. ಅದರಾಗ ಆಕೀದೂ ಒಂದು ಇರ್ತದ.”

ವಿಚಾರಣೆಗೆ ಉಳಿದಿದ್ದ ದಿನಗಳಲ್ಲಿ, ಸದಾ ನಿಧಾನವೆಂದು ಹೆಸರಾದ ಆ ಮನುಷ್ಯ ಓಡಾಡಿದ ವೇಗವನ್ನು ಕಂಡವರು ಇಂದಿಗೂ ನೆನೆಯುತ್ತಾರೆ. ಶನಿವಾರ ಪೇಠೆಯ ಬ್ರಾಹ್ಮಣ ವಿಧವೆಯರ ಖಾನಾವಳಿಗಳು, ಗುಜರಾತಿ ಅಡುಗೆಮನೆಗಳು, ಕರಾವಳಿಯಿಂದ ಬಂದವರು ಮನೆಯಲ್ಲಿಯೇ ಇಟ್ಟುಕೊಂಡ ಊಟದ ಸಾಲುಗಳು, ಒಂದನ್ನೂ ಬಿಡಲಿಲ್ಲ. ನಿಯಮ ಒಂದೇ ವಾಕ್ಯದ್ದು: ಕುಟುಂಬದವರಲ್ಲದವರಿಗೆ ಹಣ ಪಡೆದು ನಿತ್ಯ ಊಟ ಹಾಕುವ ಒಲೆ ಉದ್ಯಮವೇ, ಅದರ ಮುಂದೆ ಬೋರ್ಡಿರಲಿ ಬಿಡಲಿ.

ಈ ವಾಕ್ಯವನ್ನು ಬರೆದ ಸಂಜೆ ಅವರಿಗೆ ತಮ್ಮ ಮನೆಯ ನೆನಪಾಯಿತು. ಅವರ ಪತ್ನಿ ಅಂಬಾಬಾಯಿಯವರು ಧಾರವಾಡದಿಂದ ಕಾಲೇಜಿಗೆ ಬಂದ ಇಬ್ಬರು ವಿದ್ಯಾರ್ಥಿಗಳಿಗೆ ಊಟ ಹಾಕುತ್ತಿದ್ದರು. ಅವರು ಕೊಡುವ ಹಣ ಮಗಳು ಗೋದಾಳ ಶಾಲೆಯ ಖರ್ಚಿಗೆ ಆಗುತ್ತಿತ್ತು. ರಾಯರ ನಿಯಮದಂತೆ ರಾಯರ ಮನೆಯೇ ಖಾನಾವಳಿ. ಬಹಳ ಸಣ್ಣ ಒಲೆಗಳನ್ನು ಬಿಟ್ಟುಬಿಡೋಣ, ಇಂತಿಷ್ಟು ಮಂದಿಗಿಂತ ಮೇಲಿದ್ದರೆ ಮಾತ್ರ ಯಾದಿಗೆ ಸೇರಿಸೋಣ ಎಂದು ಮಾರ್ತಾಂಡರಾಯರು ಅದೇ ದಿನ ಸೂಚಿಸಿದ್ದರು. ಸೂಚನೆಯಲ್ಲಿ ತಪ್ಪೇನೂ ಇರಲಿಲ್ಲ. ಅದನ್ನು ಒಪ್ಪಬೇಕೆಂದು ತಮಗೆ ಇಷ್ಟು ಬೇಗ ಏಕೆ ಅನ್ನಿಸುತ್ತಿದೆ ಎಂಬುದೇ ರಾಯರನ್ನು ಕಾಡಿತು.

ಮನೆಗೆ ಬಂದು ಹೆಂಡತಿಗೆ ಹೇಳಿದರು. ಅಂಬಾಬಾಯಿಯವರ ಮುಖ ಬಾಡಿತು. ಮಣ್ಣೂರರ ಮನೆತನದಲ್ಲಿ ಬಂದವರಿಗೆಲ್ಲ ಎಲೆ ಹಾಕುತ್ತಿದ್ದರೆಂಬ ಹೆಮ್ಮೆಯಲ್ಲಿ ಬಾಳಿದ ಹೆಣ್ಣುಮಗಳು ಅವರು. ಆ ಹುಡುಗರು ಮನೆಯ ಮಕ್ಕಳಿದ್ದ ಹಾಗೆ, ಅವರ ಊಟಕ್ಕೆ ಅಂಗಡಿಯ ಹೆಸರಿಡುವುದು ಹೇಗೆ ಎಂದು ಕೇಳಿದರು. ಸರಕಾರದ ಅಚ್ಚಿನಲ್ಲಿ ಹೆಸರು ಬಂದರೆ ನೆಂಟರು ಏನಂದಾರು ಎಂದೂ ಕೇಳಿದರು. ರಾಯರು ಒತ್ತಾಯಿಸಲಿಲ್ಲ. ಶಿವಗಂಗವ್ವ ಕೇಳಿದ ಮಾತನ್ನು ಇದ್ದ ಹಾಗೆ ಹೇಳಿದರು. ಮರುದಿನ ಅಂಬಾಬಾಯಿಯವರು ಎಂದಿನಂತೆ ಆ ಹುಡುಗರಿಗೆ ಬಡಿಸಿದರು.

ಅದರ ಮಾರನೆಯ ಬೆಳಗ್ಗೆ ಗಂಡನ ಮುಂದೆ ತಾಟು ಇಟ್ಟು ಅಂಬಾಬಾಯಿ ಹೇಳಿದರು: “ಬರೀರಿ. ಆದ್ರ ಅದು ನಿಮ್ಮ ಖಾನಾವಳಿ ಅಲ್ಲ, ನಂದು. ಮಾಡೂವಾಕಿ ನಾನು, ಬಡಸೂವಾಕಿ ನಾನು. ಯಜಮಾನಿ ಅಂಬಾಬಾಯಿ ಅಂತ ಬರೀರಿ.”

ರಾಯರು ಹಾಗೆಯೇ ಬರೆದರು. ಮಾರ್ತಾಂಡರಾಯರು ಆ ಹಾಳೆಯನ್ನು ಓದಿ, ಸಂಖ್ಯೆಯ ಮಿತಿಯ ಮಾತನ್ನು ತಾವೇ ಹಿಂದಕ್ಕೆ ಪಡೆದು, ಅದರ ಬದಲು ಒಂದು ಸೊಗಸಾದ ದಾರಿ ತೋರಿಸಿದರು. ಯಾವುದು ಉದ್ಯಮ ಎಂಬುದನ್ನು ಯಾದಿ ಹೇಳಲಿ, ಅದಕ್ಕೆ ಪರವಾನಗಿ ಬೇಕೋ ಬೇಡವೋ ಎಂಬುದನ್ನು ಸರಕಾರ ಬೇರೆಯಾಗಿ ಗೊತ್ತುಮಾಡಲಿ, ಎರಡನ್ನೂ ಬೆರೆಸುವುದು ಬೇಡ. ಮಂಡಳಿ ಇಂದಿಗೂ ಪಾಲಿಸುತ್ತಿರುವ ಈ ವಿವೇಕ ಮಾರ್ತಾಂಡರಾಯರದು ಎಂಬುದನ್ನು ಬಿಂದುಮಾಧವರಾಯರೇ ಎಲ್ಲ ಕಡೆ ಹೇಳುತ್ತಾರೆ.

ವಿಚಾರಣೆಯ ದಿನ ಅಧಿಕಾರಿ ಯಾದಿಯನ್ನು ತೋರಿಸಿ, ಇದರಲ್ಲಿ ಏನೆಂದಿದೆ ಎಂದು ಮರಾಠಿಯಲ್ಲಿ ಕೇಳಿದರು. ವಾಸದ ಮನೆ ಎಂದಿದೆ, ಅದು ತಪ್ಪು, ತಪ್ಪು ನಮ್ಮದು, ಆ ಹೆಂಗಸಿನದಲ್ಲ ಎಂದು ರಾಯರು ಉತ್ತರಿಸಿದರು. ನಿಮ್ಮ ಭಾಷೆಯವಳೆಂದು ತಿದ್ದಲು ಹೊರಟಿದ್ದೀರಾ ಎಂದು ಎದುರು ಪಕ್ಷದ ವಕೀಲರು ಕೆಣಕಿದರು. ರಾಯರು ವಾದಕ್ಕೆ ಇಳಿಯದೆ ಹೊಸ ಯಾದಿಯನ್ನು ಮೇಜಿನ ಮೇಲಿಟ್ಟರು. ಅಧಿಕಾರಿ ಒಂದೊಂದೇ ಸಾಲನ್ನು ಓದುತ್ತ ಹೋದರು. ಮರಾಠಿ ಹೆಸರುಗಳು, ಗುಜರಾತಿ ಹೆಸರುಗಳು, ಕೊಂಕಣಿ ಹೆಸರುಗಳು. ಒಂದು ಸಾಲಿನಲ್ಲಿ ಬೆರಳು ನಿಂತಿತು. ಈ ಅಂಬಾಬಾಯಿ ಮಣ್ಣೂರ ಯಾರು ಎಂದು ಕೇಳಿದರು. ನನ್ನ ಹೆಂಡತಿ ಎಂದರು ರಾಯರು. ವಕೀಲರು ಮತ್ತೆ ಏನನ್ನೂ ಕೇಳಲಿಲ್ಲ.

ಆಪಾದನೆ ಬಿದ್ದುಹೋಯಿತು. ಶಿವಗಂಗವ್ವನ ಖಾನಾವಳಿ ದಾಖಲಾಯಿತು, ಒಲೆ ಮತ್ತೆ ಹೊತ್ತಿತು, ನಾಗವ್ವ ಶಿವಬಸವ್ವ ಮರಳಿ ರೊಟ್ಟಿ ಬಡಿಯುವ ಕೊಣಮಿಗೆಯ ಮುಂದೆ ಕೂತರು. ಆದರೆ ಅಚ್ಚಾದ ಯಾದಿಯನ್ನು ವಿಚಾರಣೆಯಲ್ಲಿ ತಪ್ಪೆಂದು ಒಪ್ಪಿಕೊಂಡದ್ದು ಮಂಡಳಿಯ ಹಲವು ಸದಸ್ಯರಿಗೆ ಹಿಡಿಸಲಿಲ್ಲ. ಮರುವರ್ಷ ತೆರವಾದ ಉಪನಿರ್ದೇಶಕರ ಸ್ಥಾನ ಸರದಿಯಂತೆ ರಾಯರಿಗೆ ಬರಬೇಕಾಗಿತ್ತು, ಬೇರೆಯವರಿಗೆ ಹೋಯಿತು. ಬೇಸರವಾಗಲಿಲ್ಲವೆಂದು ರಾಯರು ಎಂದೂ ನಟಿಸಿಲ್ಲ. ಆ ಸ್ಥಾನ ತಮಗೆ ಬೇಕಾಗಿತ್ತೆಂದೇ ಹೇಳುತ್ತಾರೆ. ಇನ್ನು ಕರಾವಳಿಯ ಭುಜಂಗರಾಯರು, ಮನೆಯೆಂಬ ಹೆಸರಿನಲ್ಲಿ ಯಾವ ತಂಟೆಯೂ ಇಲ್ಲದೆ ಊಟದ ಸಾಲು ನಡೆಸುತ್ತಿದ್ದವರು, ಹೊಸ ನಿಯಮದಿಂದ ಪರವಾನಗಿಗೆ ಒಳಪಟ್ಟು ರಾಯರನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು. ಮುಂದೆ ಪಡಿತರ ಬಿಗಿಯಾಗಿ, ದಾಖಲೆಯಾದ ಊಟದ ಮನೆಗಳಿಗೆ ಮಾತ್ರ ಧಾನ್ಯ ಸಿಗತೊಡಗಿದಾಗ ಅವರ ಸಿಟ್ಟು ಇಳಿಯಿತು. ಈಗ ಅವರು ರಾಯರ ಸನ್ಮಾನ ಸಮಿತಿಯಲ್ಲಿದ್ದಾರೆ, ಆದರೂ ಆ ಪರವಾನಗಿಯ ಮಾತೆತ್ತದೆ ಒಂದು ಸಭೆಯನ್ನೂ ಮುಗಿಸುವುದಿಲ್ಲ.

ಬಿಂದುಮಾಧವರಾಯರ ನಿವೃತ್ತಿಯ ದಿನ ಮಾರ್ತಾಂಡರಾಯರು ಆಡಿದ ಮಾತು ಚಿಕ್ಕದು. ತಾವು ವರ್ಗೀಕರಣವನ್ನು ಕಲಿತದ್ದು ಪುಸ್ತಕದಲ್ಲಿ, ಅದನ್ನು ಊರಿನಲ್ಲಿ ತಾಳೆ ನೋಡುವ ಧೈರ್ಯವನ್ನು ಕಲಿತದ್ದು ಈ ಮನುಷ್ಯನಿಂದ ಎಂದರು. ಉತ್ತರವಾಗಿ ರಾಯರು ತಮ್ಮ ಸಾಧನೆಯ ಬಗ್ಗೆ ಏನೂ ಹೇಳದೆ, ಆಗದೆ ಉಳಿದ ಒಂದು ಕೆಲಸದ ಬಗ್ಗೆ ಮಾತಾಡಿದರು. ಭವಾನಿ ಪೇಠೆಯ ವಾಡೆಗಳಲ್ಲಿ ಮನೆಮನೆಯಲ್ಲಿಯೂ ಹೆಂಗಸರು ಬೀಡಿ ಕಟ್ಟುತ್ತಾರೆ. ಕಾರಖಾನೆಯ ಗೋಡೆಯೊಳಗೆ ಕೂತು ಕಟ್ಟಿದರೆ ಅವರು ಕಾರ್ಮಿಕರು, ತಮ್ಮ ಪಡಸಾಲೆಯಲ್ಲಿ ಕೂತು ಕಟ್ಟಿದರೆ ಯಾದಿಯಲ್ಲಿ ಬರಿಯ ಅವಲಂಬಿತರು. ಇದನ್ನು ತಿದ್ದಲು ಅವರು ಮಂಡಳಿಯ ಮುಂದೆ ಮತ್ತೆ ಮತ್ತೆ ಹೋದರು, ಪ್ರತಿ ಸಲವೂ ಸೋತರು. ಈಗ ಸಂಬಳವಿಲ್ಲ, ಪರಿವೀಕ್ಷಕರಿಲ್ಲ, ಆದರೂ ಆ ವಾಡೆಗಳಿಗೆ ತಾವೊಬ್ಬರೇ ಹೋಗುತ್ತಿದ್ದಾರೆ. ಯಾವ ಮನೆಯಲ್ಲಿ ಎಷ್ಟು ಜನ ಕಟ್ಟುತ್ತಾರೆ, ಎಲೆ ತಂಬಾಕು ಯಾರು ಕೊಡುತ್ತಾರೆ, ಕೂಲಿ ಯಾರ ಕೈಗೆ ಬರುತ್ತದೆ ಎಂದು ಕೇಳಿ, ಎಲ್ಲವನ್ನೂ ಕನ್ನಡದಲ್ಲಿ ಬರೆಯುತ್ತಿದ್ದಾರೆ. ನಾಳೆ ನಮ್ಮದೇ ಸರಕಾರ ಬಂದಾಗ ತೋರಿಸಲು ಬೇಕಾಗುತ್ತದೆ ಎನ್ನುತ್ತಾರೆ.

ಕಳೆದ ತಿಂಗಳು ಪಡಿತರ ಚೀಟಿಯನ್ನು ಹೊಸದಾಗಿ ಬರೆಯಲು ಬಂದ ಗುಮಾಸ್ತರು ರಾಯರ ಹೆಸರಿನ ಮುಂದೆ ‘ನಿವೃತ್ತ, ಉದ್ಯೋಗವಿಲ್ಲ’ ಎಂದು ಬರೆದರಂತೆ. ಅಂಬಾಬಾಯಿಯವರು ಒಳಗಿನಿಂದ ಬಂದು ಕೇಳಿದರು: “ದಿನಾ ಮುಂಜಾನೆ ಎದ್ದು ಬೀಡಿ ಕಟ್ಟೂ ಮನಿಗೋಳಿಗೆ ಹೋಗ್ತಾರ, ಮಧ್ಯಾಹ್ನಕ್ಕ ಬಂದು ಬರಕೋತ ಕೂಡ್ತಾರ. ಇದಕ್ಕ ಏನಂತ ಬರೀತೀರಿ?”

ಗುಮಾಸ್ತರು ತಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಅದರಲ್ಲಿ ಅಂಥ ವರ್ಗವಿರಲಿಲ್ಲ. ಬಿಂದುಮಾಧವರಾಯರಿಗೆ ಭಗವಂತನು ಪೂರ್ಣಾಯುಷ್ಯವನ್ನು ಕೊಡಲಿ, ಕಾಲಲ್ಲಿ ಶಕ್ತಿಯಿರಲಿ, ಭವಾನಿ ಪೇಠೆಯ ಹೆಣ್ಣುಮಕ್ಕಳ ದುಡಿಮೆ ಅವರ ಕಣ್ಣಮುಂದೆಯೇ ಯಾದಿಗೆ ಏರಲಿ. ಅಲ್ಲಿಯವರೆಗೆ ಯಾವ ಗುಮಾಸ್ತನಿಗೂ ಅವರನ್ನು ಉದ್ಯೋಗವಿಲ್ಲದವರ ಸಾಲಿನಲ್ಲಿ ಬರೆಯುವ ಅವಕಾಶ ಸಿಗದಿರಲೆಂದು ಅವರ ಬಳಗದ ನಾವೆಲ್ಲರೂ ಹಾರೈಸುತ್ತೇವೆ.